ಕಂಬಕ್ಕೆ ಹಚ್ಚಿದ ಎಣ್ಣೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದೆಲ್ಲ ಸಿಟ್ಟಿನಲ್ಲಿ ಆಡಿದ ಒಂದು ಮಾತಿನ ಕಥೆ. ಆ ಮಾತನ್ನು ನಾನು ನನ್ನ ಅಪ್ಪನಿಗೆ ಆಡಿದೆ. ಒಂದೇ ಉಸಿರಿನಲ್ಲಿ ಆಡಿ ಮುಗಿಸಿದೆ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಏನೇನೋ ಮಾಡಿದೆ, ಆಗಲಿಲ್ಲ.

ಪುಣೆಯ ಭೋಸರಿಯಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಎರಡು ಕೋಣೆ, ಒಂದು ಹಾಲ್, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಅಪ್ಪ ಬೆಳಗಾವಿ ಕಡೆಯವನು. ಹರೆಯದಲ್ಲಿ ಇಲ್ಲಿಗೆ ಬಂದು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿ ಸೇರಿದ, ನಿವೃತ್ತಿಯವರೆಗೂ ಅದೇ ಲೇಥ್ ಮಷೀನಿನ ಮುಂದೆ ನಿಂತ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಮದುವೆ ಮುರಿದುಕೊಂಡು ಈ ಮನೆಗೆ ವಾಪಸು ಬಂದಾಗ ನನಗೆ ಮೂವತ್ತೆಂಟು. ಅಪ್ಪ ಯಾಕೆ, ಏನು ಅಂತ ಒಂದು ಮಾತೂ ಕೇಳಲಿಲ್ಲ. "ಒಳಗಿನ ಖೋಲಿ ನೀ ತೊಗೊ ತಂಗಿ. ಫ್ಯಾನ್ ಸ್ವಲ್ಪ ಸಪ್ಪಳ ಮಾಡ್ತದ, ನಾಳೆ ನೋಡ್ತೀನಿ" ಅಂದ. ನಮ್ಮ ಕಡೆ ಮಗಳನ್ನೂ ತಂಗಿ ಅಂತಲೇ ಕರೆಯುತ್ತಾರೆ. ಮರುದಿನದಿಂದ ಫ್ಯಾನು ಸದ್ದು ಮಾಡಲಿಲ್ಲ. ಅಪ್ಪನ ಪ್ರೀತಿಯೆಲ್ಲ ಹೀಗೆ ಸ್ಕ್ರೂ, ನಟ್ಟು, ಗ್ರೀಸಿನ ದಾರಿಯಲ್ಲೇ ಬರುತ್ತಿತ್ತು. ನನಗೆ ಅದು ಸಾಲುತ್ತಿರಲಿಲ್ಲ.

ಕೆಲಸ ಊರಿನ ಇನ್ನೊಂದು ತುದಿಯ ಮಗರಪಟ್ಟಾದಲ್ಲಿ. ಹೋಗುತ್ತಾ ಬರುತ್ತಾ ಬಸ್ಸಿನಲ್ಲೇ ಅರ್ಧ ಜೀವ ಹೋಗುತ್ತಿತ್ತು, ಉಳಿದರ್ಧ ಕುರ್ಚಿಯಲ್ಲಿ. ಬೆನ್ನು ಹಿಡಿದುಕೊಂಡಿತು. ಆಫೀಸಿನಲ್ಲಿ ಪಕ್ಕದ ಸೀಟಿಗೆ ಹಾಸನದ ಕಡೆಯ ಒಬ್ಬ ಹುಡುಗಿ ಕೂರುತ್ತಿದ್ದಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳು ಒಂದು ದಿನ, "ಅಕ್ಕಾ, ಸುಮ್ನೆ ಬನ್ನಿ ನನ್ ಜೊತೆ. ಪೋಲ್ ಡಾನ್ಸು, ಟ್ರಯಲ್ ಕ್ಲಾಸ್ ಫ್ರೀ. ಇಷ್ಟ ಆಗ್ಲಿಲ್ಲ ಅಂದ್ರೆ ದೋಸೆ ತಿಂದ್ಕೊಂಡ್ ವಾಪಸ್ ಬರೋಣ" ಅಂದಳು. ನಾನು ಹೋದದ್ದು ದೋಸೆಗಾಗಿ.

ಅಲ್ಲಿ ನೆಲದಿಂದ ಚಾವಣಿಯವರೆಗೆ ಆರು ಸ್ಟೀಲಿನ ಕಂಬಗಳು ನಿಂತಿದ್ದವು. ಪೋಲ್ ಡಾನ್ಸ್ ಅಂದರೆ ಸಿನಿಮಾದ ಕ್ಲಬ್ಬಿನಲ್ಲಿ ಮೈ ಬಳುಕಿಸುವುದು ಅಂತಲೇ ನಾನೂ ತಿಳಿದಿದ್ದೆ. ಟೀಚರು, ಮಣಿಪುರದ ಒಬ್ಬ ಸಣ್ಣಗಿನ ಹೆಂಗಸು, ಒಂದು ಕೈಯಲ್ಲಿ ಕಂಬ ಹಿಡಿದು ಎರಡೂ ಕಾಲೆತ್ತಿ ಸುಮ್ಮನೆ ಒಂದು ಸುತ್ತು ತಿರುಗಿ ಇಳಿದಳು. ನಾನೂ ಹಿಡಿದೆ. ಒಂದು ಇಂಚು ಮೇಲೇಳಲಿಲ್ಲ. ನನ್ನ ಭಾರ ಎಷ್ಟೆಂದು ತೂಕದ ಮಷೀನು ಅಲ್ಲಿಯವರೆಗೆ ಹೇಳಿದ್ದೇ ಬೇರೆ, ಆ ಕಂಬ ಹೇಳಿದ್ದೇ ಬೇರೆ. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಆರು ತಿಂಗಳ ಫೀ ಕಟ್ಟಿದೆ.

ಕಂಬದಲ್ಲಿ ನಮ್ಮನ್ನು ಹಿಡಿದಿಡುವುದು ನಮ್ಮ ಚರ್ಮ. ಬಟ್ಟೆ ಜಾರುತ್ತದೆ, ಚರ್ಮ ಕಚ್ಚಿಕೊಳ್ಳುತ್ತದೆ. ಅದಕ್ಕೇ ತುಂಡು ಚಡ್ಡಿ, ತೋಳಿಲ್ಲದ ಬನಿಯನ್ನು. ಮೊದಲ ತಿಂಗಳು ತೊಡೆ, ಮೊಣಕಾಲಿನ ಹಿಂಬದಿ, ಪಾದದ ಮೇಲ್ಭಾಗ ಎಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದವು. ಕ್ಲಾಸಿರುವ ದಿನ ಮೈಗೆ ಎಣ್ಣೆ, ಕ್ರೀಮು ಏನೂ ತಾಕಿಸುವಂತಿಲ್ಲ. ಹತ್ತುವ ಮೊದಲು ಕಂಬವನ್ನು ಸ್ಪಿರಿಟ್ಟಿನಿಂದ ಮೇಲಿಂದ ಕೆಳಗಿನವರೆಗೆ ಒರೆಸಬೇಕು. ಹಿಂದೆ ಹತ್ತಿದವರ ಬೆವರಿನ ಒಂದು ತೆಳು ಪದರ ಉಳಿದಿದ್ದರೂ ಜಾರಿ ಬೀಳುತ್ತೀರಿ ಅಂತ ಟೀಚರು ದಿನಾ ಹೇಳುತ್ತಿದ್ದಳು. ಈ ಮಾತನ್ನು ನಾನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ.

ವರ್ಷವಾಗುವಷ್ಟರಲ್ಲಿ ಟೀಚರು ಊರು ಬಿಟ್ಟು ಹೋದಳು, ಕ್ಲಾಸು ಮುಚ್ಚಿತು. ಅಷ್ಟು ಹೊತ್ತಿಗೆ ನಾನು ಚಾವಣಿ ಮುಟ್ಟುತ್ತಿದ್ದೆ, ತಲೆಕೆಳಗಾಗಿ ನಿಲ್ಲುತ್ತಿದ್ದೆ. ಬಿಡಲು ಮನಸ್ಸಾಗಲಿಲ್ಲ. ಆನ್‌ಲೈನಿನಲ್ಲಿ, ಹತ್ತಿದವರ ಜೊತೆ ತಾನೂ ತಿರುಗುವಂಥ ಒಂದು ಕಂಬ ತರಿಸಿದೆ. ನಾಲ್ಕು ತುಂಡಾಗಿ ಬಂದ ಅದನ್ನು ಹಾಲ್‌ನ ನೆಲದ ಮೇಲೆ ಹರಡಿಕೊಂಡು ಜೋಡಿಸುತ್ತಾ ಕೂತೆ. ಅಪ್ಪ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ. ಒಂದು ತುಂಡು ಇನ್ನೊಂದಕ್ಕೆ ತಾಗಿ ಕಟಕಟ ಅಂದದ್ದು ಕೇಳಿ ಎದ್ದು ಬಂದ.

"ಯಾರ್ ಮಾಡ್ಯಾರ ಇದನ್ನ? ಇದಕ್ಕ ಥ್ರೆಡ್ ಅಂತಾರೇನು? ಕೈಯಾಗ ಅಲಗಾಡ್ಲಿಕ್ಕತ್ತದ. ಇದರ ಮ್ಯಾಲೆ ಮನುಷ್ಯಾ ಏರ್ತಾನೇನು?"

"ಮನುಷ್ಯಾ ಏರೂದಿಲ್ಲ, ನಾ ಏರ್ತೀನಿ" ಅಂದೆ.

ಅಪ್ಪ ನಗಲಿಲ್ಲ. "ನಿನ್ನ ತೂಕ ಎಷ್ಟು?" ಅಂತ ಕೇಳಿದ. ಅರವತ್ತೆಂಟು ಅಂದೆ. "ಅಂದ್ರ ಅದರ ಮೂರು ಪಟ್ಟು ಹಿಡೀಬೇಕು" ಅಂತ ತನ್ನಷ್ಟಕ್ಕೆ ಹೇಳಿಕೊಂಡು, ನಾಲ್ಕೂ ತುಂಡುಗಳನ್ನು ಹಳೆ ಲುಂಗಿಯಲ್ಲಿ ಸುತ್ತಿ ಹೊರಟೇಬಿಟ್ಟ. ತನ್ನ ಹಳೆ ವರ್ಕ್‌ಶಾಪಿಗೆ ಹೋಗಿ, ಈಗ ಅಲ್ಲಿರುವ ಹುಡುಗರನ್ನು ಲೇಥಿನಿಂದ ಸರಿಸಿ, ಎರಡು ದಿನ ತಾನೇ ನಿಂತು ತುಂಡುಗಳ ತುದಿಗೆ ಹೊಸ ಥ್ರೆಡ್, ಅಂದರೆ ತಿರುಪಿನ ಗೆರೆ, ಹಾಕಿದ. ಕೆಳಗಿನ ತಳವನ್ನು ಬೇರೆಯೇ ಮಾಡಿಕೊಂಡು ಬಂದ. ಆಮೇಲೆ ಸ್ಟೂಲು ಹತ್ತಿ ಸುತ್ತಿಗೆಯ ಹಿಡಿಕೆಯಿಂದ ಚಾವಣಿಯನ್ನು ಬಡಿದು, ಕಿವಿಗೊಟ್ಟು ಕೇಳಿ, ತೊಲೆ ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿದ. ಗೌಂಡಿಗಳು ಗೋಡೆಗೆ ಹಿಡಿಯುವ ತೂಕದ ಗುಂಡನ್ನು ದಾರಕ್ಕೆ ಇಳಿಬಿಟ್ಟು ಕಂಬ ನಿಲ್ಲಿಸಿದ. "ಒಂದು ಸೂತನೂ ವಾರೆ ಇಲ್ಲ ನೋಡು" ಅಂದ, ಸೂತ ಅಂದರೆ ಇಂಚಿನ ಎಂಟನೇ ಒಂದು ಪಾಲು. ಕಡೆಗೆ, ಎಪ್ಪತ್ತೊಂದರ ಅಪ್ಪ, ಪೈಜಾಮ ಮೇಲೆತ್ತಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಕಂಬಕ್ಕೆ ಜೋತುಬಿದ್ದು, ಕಾಲು ಮಡಚಿ ಒಂದು ನಿಮಿಷ ತೂಗಾಡಿದ. ಇಳಿದು ಕೈ ಒರೆಸಿಕೊಂಡು, "ಏರು ಇನ್ನ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಅವತ್ತಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಆರಕ್ಕೆ ಅಪ್ಪ ಹಾಲು ತರಲು ಹೋಗುತ್ತಿದ್ದ. ಹಾಲಿನ ಅಂಗಡಿ ನಮ್ಮ ಬಿಲ್ಡಿಂಗಿನ ಬುಡದಲ್ಲೇ ಇದೆ, ಐದು ನಿಮಿಷದ ಕೆಲಸ. ಅಪ್ಪ ಒಂದು ತಾಸು ಮಾಡುತ್ತಿದ್ದ. ಬಾಗಿಲು ಹಾಕಿದ ಸದ್ದಾದ ಮೇಲೆ ನಾನು ನೈಟಿ ತೆಗೆದಿಟ್ಟು ಕಂಬ ಹತ್ತುತ್ತಿದ್ದೆ. ಏಳಕ್ಕೆ ಬೆಲ್ಲು ಎರಡು ಸಲ ಹೊಡೆಯುತ್ತಿತ್ತು. ಕೀಲಿ ಅಪ್ಪನ ಜೇಬಿನಲ್ಲೇ ಇರುತ್ತಿತ್ತು, ಆದರೂ ಬೆಲ್ಲು ಹೊಡೆದು, ನಾನು ನೈಟಿ ಹಾಕಿಕೊಂಡು ಬಾಗಿಲು ತೆಗೆಯುವವರೆಗೂ ಮೆಟ್ಟಿಲ ಕಡೆ ಮುಖ ಮಾಡಿ ನಿಂತಿರುತ್ತಿದ್ದ. ಮಳೆಗಾಲದಲ್ಲಿ ಅಂಗಡಿಯ ತಗಡಿನ ಕೆಳಗೆ ಕೊಡೆ ಹಿಡಿದು ನಿಂತಿದ್ದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ಒಳಗೆ ಬಾ ಅಂತ ಕರೆಯಲಿಲ್ಲ. ಕರೆದರೂ ಬರುತ್ತಿರಲಿಲ್ಲ ಅಂತ ಈಗ ಸಮಾಧಾನ ಹೇಳಿಕೊಳ್ಳುತ್ತೇನೆ.

ನನ್ನ ಪಾದದ ಮೇಲೆ ಕಂದಿದ ಗುರುತುಗಳನ್ನು ಅಪ್ಪ ನೋಡಿರಬೇಕು. ಏನಾಯಿತು ಅಂತ ಕೇಳಲಿಲ್ಲ. ಒಂದು ಸಂಜೆ ನನ್ನ ಮಂಚದ ಪಕ್ಕದಲ್ಲಿ ಬಟ್ಟಲೊಂದರಲ್ಲಿ ತೇಯ್ದ ಅಂಬೆಹಳದಿ ಇತ್ತು, ಈ ಕಡೆ ಪೆಟ್ಟಾದರೆ ಹಚ್ಚುವುದು ಅದನ್ನೇ. ಮೇಲಿನ ಮನೆಯ ಕಾಕು, ಅಂದರೆ ಚಿಕ್ಕಮ್ಮನಂತೆ ಇದ್ದ ಮರಾಠಿ ಹೆಂಗಸು, ನಿಮ್ಮ ಮನೆಯಲ್ಲಿ ಬೆಳಬೆಳಿಗ್ಗೆ ಏನದು ಧಡ್ ಧಡ್ ಅಂತ ಅಪ್ಪನನ್ನು ಕೇಳಿದಳಂತೆ. ಅಪ್ಪ, ಮಗಳು ಮಲ್ಲಖಾಂಬ ಕಲಿಯುತ್ತಿದ್ದಾಳೆ ಅಂದನಂತೆ. ಮಲ್ಲಖಾಂಬ ಅಂದರೆ ಕುಸ್ತಿಪಟುಗಳು ಕಂಬ ಹತ್ತಿ ಮಾಡುವ ಕಸರತ್ತು, ಪುಣೆಯಲ್ಲಿ ಅದರ ಹೆಸರು ಹೇಳಿದರೆ ಮುಗಿಯಿತು, ಯಾರೂ ಹುಬ್ಬೇರಿಸುವುದಿಲ್ಲ, ಶಾಲೆಯ ಹೆಣ್ಣುಮಕ್ಕಳೂ ಕಲಿಯುತ್ತಾರೆ. ಕಾಕು ನನ್ನನ್ನು ಮೆಟ್ಟಿಲಲ್ಲಿ ತಡೆದು ಶಭಾಶ್ ಅಂತ ಬೆನ್ನು ತಟ್ಟಿದಳು. ನಾನು ಮೇಲೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. "ಪೋಲ್ ಡಾನ್ಸ್ ಅನ್ನು, ನಾಲಿಗಿ ಸುಡೂದಿಲ್ಲ" ಅಂದೆ. ಅಪ್ಪ ಪೇಪರು ತಿರುವಿದ.

ನನಗೆ ಬೇಕಾಗಿದ್ದು ಏನು ಅಂತ ಸ್ಪಷ್ಟವಾಗಿ ಬರೆಯುತ್ತೇನೆ. ಅಪ್ಪ ಒಂದು ಸಲ ಕೂತು ನನ್ನನ್ನು ನೋಡಬೇಕಾಗಿತ್ತು, ಅಷ್ಟೇ. ಶಾಲೆಯಲ್ಲಿದ್ದಾಗ ಪ್ರತಿ ವರ್ಷ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಆಗುತ್ತಿತ್ತು. ನಾನು ಲಾವಣಿ ಕುಣಿದಿದ್ದೇನೆ, ಕೋಲಾಟ ಆಡಿದ್ದೇನೆ, ಒಂದು ವರ್ಷ ಮರವಾಗಿ ಅರ್ಧ ಗಂಟೆ ಕೈ ಚಾಚಿ ನಿಂತಿದ್ದೇನೆ. ಅಪ್ಪನಿಗೆ ಯಾವಾಗಲೂ ಸೆಕೆಂಡ್ ಶಿಫ್ಟ್. ಅವ್ವ ಬಂದು ಕೂರುತ್ತಿದ್ದಳು. ಮನೆಗೆ ಬಂದು ಅಪ್ಪನಿಗೆ ಮಾಡಿ ತೋರಿಸುತ್ತೇನೆ ಅಂದರೆ ಅಪ್ಪ ಊಟ ಮಾಡುತ್ತಲೇ ನಿದ್ದೆಗೆ ಜಾರಿರುತ್ತಿದ್ದ. ಆಗ ನನಗೆ ಬೇಸರವಾಗಿತ್ತು ಅಂತ ನಾನು ಯಾರಿಗೂ ಹೇಳಿರಲಿಲ್ಲ. ನಲವತ್ತರ ಹತ್ತಿರ ಬಂದು, ಅಪ್ಪ ಶಿಫ್ಟುಗಳನ್ನೆಲ್ಲ ಮುಗಿಸಿ ಮನೆಯಲ್ಲೇ ಇರುವಾಗ, ಅವನು ಕಂಬ ನಿಲ್ಲಿಸಿ ಕೊಟ್ಟು ಕೆಳಗೆ ಇಳಿದು ಹೋಗುವುದು ನನಗೆ ತಡೆಯಲಾಗಲಿಲ್ಲ.

ಒಂದು ಸಲ ಕೇಳಿದೆ. "ಅಪ್ಪಾ, ಒಂದು ದಿನ ಕುಂತು ನೋಡು."

"ನೋಡೂದೇನದ ಅದರಾಗ" ಅಂದ.

"ನಾ ಇದ್ದೀನಿ ಅದರಾಗ."

ಅಪ್ಪ ಅಡುಗೆಮನೆಯ ಕಡೆ ಮುಖ ತಿರುಗಿಸಿದ. "ಹಾಲು ಉಕ್ಕತದ ನೋಡು" ಅಂದ. ಹಾಲು ಉಕ್ಕುತ್ತಿರಲಿಲ್ಲ. ಎರಡನೇ ಸಲ ಕೇಳಿದಾಗ, "ಬ್ಯಾಡ ತಂಗಿ, ನೀ ಮಾಡು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅಪ್ಪ ನೋಡೂವಂಥಾದ್ದಲ್ಲ ಅದು" ಅಂದ. ನಾನು ಎರಡು ದಿನ ಮಾತು ಬಿಟ್ಟೆ. ಮೂರನೇ ಸಲ ಕೇಳಲಿಲ್ಲ, ಅಹಂಕಾರ ಅಡ್ಡ ಬಂತು.

ಆ ವರ್ಷದ ದಸರೆಯ ದಿನ ರಜೆ ಅಂತ ಎಂಟರವರೆಗೂ ಮಲಗಿದ್ದೆ. ಎದ್ದು ಹಾಲ್‌ಗೆ ಬಂದರೆ ಅಪ್ಪ ಇರಲಿಲ್ಲ. ಪ್ರತಿ ವರ್ಷ ಅಪ್ಪ, ಇಲ್ಲಿನ ವರ್ಕ್‌ಶಾಪುಗಳ ರೂಢಿಯಂತೆ, ದಸರೆಯ ದಿನವೇ ಆಯುಧ ಪೂಜೆ ಮಾಡುತ್ತಿದ್ದ. ವರ್ನಿಯರು, ಮೈಕ್ರೋಮೀಟರು, ಕೆಲವು ಹಳೆ ಟೂಲುಗಳನ್ನು ದೇವರ ಮುಂದೆ ಮಣೆಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದ. ಆ ವರ್ಷ ಮಣೆ ದೇವರ ಮುಂದೆ ಇರಲಿಲ್ಲ. ನನ್ನ ಕಂಬದ ಬುಡದಲ್ಲಿತ್ತು. ಟೂಲುಗಳನ್ನೆಲ್ಲ ಅಲ್ಲಿ ಜೋಡಿಸಿಟ್ಟು, ಕಂಬಕ್ಕೆ ಎದೆಯೆತ್ತರದಲ್ಲಿ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಚೆಂಡುಹೂವಿನ ಸರ ಕಟ್ಟಿದ್ದ. ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು.

ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಅಪ್ಪ ಬಾಯಿಬಿಟ್ಟು ಹೇಳದಿದ್ದನ್ನು ಹೂ ಕಟ್ಟಿ ಹೇಳಿದ್ದಾನೆ ಅನ್ನಿಸಿತು. ತನ್ನ ಲೇಥಿನ ಸಾಲಿಗೆ ನನ್ನ ಕಂಬವನ್ನೂ ಸೇರಿಸಿಕೊಂಡಿದ್ದ. ನನಗೆ ತಕ್ಷಣ ಹತ್ತಬೇಕು ಅನ್ನಿಸಿತು. ಮಣೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಸರವನ್ನು ಬಿಚ್ಚಿ ದೇವರ ಮುಂದಿಟ್ಟೆ. ಸ್ಪಿರಿಟ್ಟಿನ ಬಾಟಲಿ ಕೈಗೆತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಹಬ್ಬದ ದಿನ, ಪೂಜೆಯಾಗಿ ಒಂದು ತಾಸೂ ಆಗಿಲ್ಲ, ಅಪ್ಪ ಇಟ್ಟ ಕುಂಕುಮವನ್ನು ಒರೆಸುವುದು ಹೇಗೆ? ಇಷ್ಟು ದಿನದಲ್ಲಿ ಅವತ್ತೊಂದೇ ದಿನ ನಾನು ಕಂಬ ಒರೆಸದೆ ಹತ್ತಿದ್ದು. ಬಿದ್ದರೆ ಪೆಟ್ಟಾಗದಿರಲಿ ಅಂತ ಬುಡದಲ್ಲಿ ಹಾಸುವ ದಪ್ಪ ಚಾಪೆಯನ್ನೂ ಮರೆತೆ.

ಕೆಳಗಿನ ಭಾಗ ಕೈಗೆ ಸರಿಯಾಗಿಯೇ ಸಿಕ್ಕಿತು, ಕುಂಕುಮದ ಪುಡಿ ಇತ್ತಲ್ಲ. ಮೇಲೆ ಕೈ ಸ್ವಲ್ಪ ಜಾರಿದರೂ ಬೆವರು ಅಂದುಕೊಂಡು ಹತ್ತಿ, ತೊಡೆ ಬಿಗಿದು, ತಲೆಕೆಳಗಾಗಿ ಕೈ ಬಿಟ್ಟೆ. ಚರ್ಮ ಕಚ್ಚಲಿಲ್ಲ. ಬೆಣ್ಣೆಯ ಮೇಲೆ ಕೂತಂತೆ ಜಾರಿದೆ. ತಲೆ ಉಳಿಸಿಕೊಳ್ಳಲು ಬಲಗೈ ಮುಂದೆ ಕೊಟ್ಟೆ. ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸಿತು.

ಅಪ್ಪ ಬಂದಾಗ ನಾನು ಚಡ್ಡಿ ಬನಿಯನ್ನಿನಲ್ಲಿ ನೆಲದ ಮೇಲಿದ್ದೆ. ಬೆಲ್ಲು ಎರಡು ಸಲ ಹೊಡೆದ, ನನ್ನ ಕೂಗು ಕೇಳಿ ಕೀಲಿ ಹಾಕಿ ಒಳಗೆ ನುಗ್ಗಿದ. ಕೈಯಲ್ಲಿ ಹಾಲು, ಬನ್ನಿ ಎಲೆಯ ಗೊಂಚಲು. ಎರಡನ್ನೂ ಎಲ್ಲೋ ಎಸೆದು, ಟವೆಲು ತಂದು ನನ್ನ ಮೇಲೆ ಹೊದಿಸಿದ. ಅಷ್ಟರಲ್ಲಿ ನನ್ನ ತೊಡೆಗೆ ಅಂಟಿದ್ದು ಏನು ಅಂತ ಮೂಗಿಗೆ ಗೊತ್ತಾಗಿತ್ತು. ಮಷೀನಿನ ಎಣ್ಣೆ.

"ಎಣ್ಣಿ ಹಚ್ಚಿಯೇನು ಇದಕ್ಕ?"

"ಹೂಂ ತಂಗಿ, ಪೂಜಾ ಅಂದ್ರ…"

"ನಾ ಬೀಳ್ಲಿ ಅಂತನ ಹಚ್ಚಿದಿ ನೀ" ಅಂದೆ. "ಮೊದಲಿಂದ್ಲೂ ಇದ ಬೇಕಾಗಿತ್ತು ನಿನಗ."

"ಎಣ್ಣಿ ಹಚ್ಚಲಾರದ ಮಷೀನಿಗೆ ಪೂಜಾ ಹ್ಯಾಂಗ ಮಾಡ್ಲಿ…" ಅಂತ ಅಪ್ಪ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ.

ವರ್ಕ್‌ಶಾಪಿನಲ್ಲಿ ದಸರೆಗೆ ಮಷೀನನ್ನೆಲ್ಲ ತೊಳೆದು, ಹೊಳೆಯುವ ಉಕ್ಕಿನ ಭಾಗಕ್ಕೆಲ್ಲ ತೆಳ್ಳಗೆ ಎಣ್ಣೆ ಸವರಿ, ಆಮೇಲೆ ಹೂ ಏರಿಸುತ್ತಾರೆ. ಪೂಜೆಯಾದ ಮೇಲೆ ಮಷೀನನ್ನು ಒಂದು ಸಲ ಓಡಿಸಿ ನೋಡುತ್ತಾರೆ. ಎಣ್ಣೆ ಕಾಣದ ಉಕ್ಕು ತುಕ್ಕು ಹಿಡಿಯುತ್ತದೆ. ಅಪ್ಪ ಜೀವಮಾನವಿಡೀ ಮಾಡಿದ್ದು ಅದನ್ನೇ. ಅವತ್ತು ಸ್ಟೂಲು ಹತ್ತಿ ಚಾವಣಿಯವರೆಗೂ ಸವರಿದ್ದ, ತನ್ನ ಲೇಥಿಗಿಂತ ಒಂದು ಕೈ ಹೆಚ್ಚೇ ಚೆನ್ನಾಗಿ. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಟರ್ನರಿನ ಮಗಳು ನಾನು. ಆ ಕ್ಷಣದಲ್ಲೂ ಗೊತ್ತಿತ್ತು. ಆದರೂ ಅಂದೆ.

ಆಸ್ಪತ್ರೆಯಲ್ಲಿ ಕೈಗೆ ಸದ್ಯಕ್ಕೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು, ಎರಡು ದಿನ ಬಿಟ್ಟು ಆಪರೇಶನ್ ಅಂದರು. ಸಂಜೆ ಬಿಲ್ಡಿಂಗಿನವರು ಬನ್ನಿ ಕೊಡಲು ಬಂದರು, ನನ್ನ ಕೈ ನೋಡಿ ಅಯ್ಯೋ ಅಂದು ಹೋದರು. ನಮ್ಮಲ್ಲಿ ಚಿಕ್ಕವರು ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ನಾನು ಏಳಲಿಲ್ಲ. ಅಪ್ಪನೇ ಎಲೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. "ಬನ್ನಿ ತೊಗೊಂಡು ಬಂಗಾರಧಂಗ ಇರೂಣು, ತಂಗಿ" ಅಂದ. ನಾನು ಗೋಡೆಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದಾಗ ಎಲೆ ದಿಂಬಿನ ಪಕ್ಕದಲ್ಲಿತ್ತು, ಅಪ್ಪ ಇರಲಿಲ್ಲ.

ಮಣಿಕಟ್ಟಿನಲ್ಲಿ ಒಂದು ಪ್ಲೇಟು, ಆರು ಸ್ಕ್ರೂ ಕೂರಿಸಿದರು. ಸ್ಕ್ರೂ ಎಷ್ಟು ಎಂಎಂನದು ಅಂತ ಅಪ್ಪ ಡಾಕ್ಟರನ್ನು ಕೇಳಿದ. ಡಾಕ್ಟರು ನಕ್ಕರು. ಅಪ್ಪ ತಮಾಷೆ ಮಾಡಿರಲಿಲ್ಲ, ಉತ್ತರಕ್ಕೆ ಕಾಯುತ್ತಾ ನಿಂತಿದ್ದ.

ಆಮೇಲಿನ ವಾರಗಳಲ್ಲಿ ನನ್ನ ಬಲಗೈಯ ಕೆಲಸವನ್ನೆಲ್ಲ ಅಪ್ಪ ಮಾಡಿದ. ಭಕ್ಕರಿ ಮುರಿದು ತಟ್ಟೆಗೆ ಹಾಕಿಕೊಟ್ಟ. ಹೆರಳು ಹಾಕಲು ಕಲಿತ. ಮೊದಲ ದಿನ ಎರಡೇ ಎಳೆಯಲ್ಲಿ ಹಗ್ಗ ಹೊಸೆದಂತೆ ಹೊಸೆದುಬಿಟ್ಟ, ಮೂರನೇ ದಿನಕ್ಕೆ ಸರಿಯಾಯಿತು. ಬೆನ್ನ ಹಿಂದೆ ಅಪ್ಪನ ಉಸಿರು ಕೇಳುತ್ತಾ ನಾನು ಕೂತಿರುತ್ತಿದ್ದೆ. ತಪ್ಪಾಯಿತು ಅನ್ನಲು ಎಷ್ಟು ಹೊತ್ತು ಬೇಕು? ಬಾಯಿಗೆ ಬರಲಿಲ್ಲ. ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ಅಪ್ಪ ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ಟು ತಂದು, ಯಾರೂ ಹತ್ತದ ಆ ಕಂಬವನ್ನು ದಿನಾ ಬೆಳಿಗ್ಗೆ ಮೇಲಿಂದ ಕೆಳಗಿನವರೆಗೆ ಒರೆಸುತ್ತಿದ್ದ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ಮತ್ತೆ ಒರೆಸುತ್ತಿದ್ದ. ನಾನು ಒಳಗಿನಿಂದ ನೋಡಿಯೂ ನೋಡದವಳಂತೆ ಇದ್ದೆ.

ದೀಪಾವಳಿಗೆ ಕಾಕು ಚಕ್ಕುಲಿ, ಶಂಕರಪಾಳಿ ತಂದುಕೊಟ್ಟಳು. ಅಪ್ಪ ಅಂಗಡಿಗೆ ಹೋಗಿದ್ದ. ಪಕ್ಕದಲ್ಲಿ ಕೂತು ನನ್ನ ಕೈ ಸವರುತ್ತಾ ಮರಾಠಿಯಲ್ಲಿ ಹೇಳಿದಳು, ನಿನ್ನ ಅಪ್ಪ ದಸರೆಯ ದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿದ್ದರು, ಎಷ್ಟು ಖುಷಿಯಲ್ಲಿದ್ದರು ಪಾಪ ಅಂತ. ಹಬ್ಬ ಅಲ್ಲವೇ ಅಂದೆ.

"ಸಣ್ ನಾಹೀ ಗ" ಅಂದಳು, ಹಬ್ಬಕ್ಕಲ್ಲ ಕಣೇ. "ಗಡ್ಡ ಮಾಡಿಕೊಂಡು, ಹೊಸ ಬಿಳಿ ಶರ್ಟು ಹಾಕಿಕೊಂಡು ಹೊರಟಿದ್ದರು. ಎಲ್ಲಿಗೆ ಅಂತ ಕೇಳಿದೆ. ಎಲ್ಲಿಗೂ ಇಲ್ಲ, ಬನ್ನಿ ತಂದು ಮನೆಯಲ್ಲೇ ಕೂರುವುದು, ಇವತ್ತು ಮಗಳ ಪ್ರೋಗ್ರಾಮು, ನಾನು ನೋಡುವವನಿದ್ದೇನೆ ಅಂದರು."

ಬಿಳಿ ಶರ್ಟು ನನಗೆ ನೆನಪಿತ್ತು. ಆಸ್ಪತ್ರೆಗೆ ಹೋಗುವಾಗ ರಿಕ್ಷಾದಲ್ಲಿ ನನ್ನ ಕೈಯನ್ನು ಅದಕ್ಕೇ ಆನಿಸಿಕೊಂಡು ಕೂತಿದ್ದ. ಹಬ್ಬದ ಶರ್ಟು ಅಂದುಕೊಂಡಿದ್ದೆ. ಕಾಕು ಹೋದ ಮೇಲೆ ಆ ಚಕ್ಕುಲಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಬರುವವರೆಗೂ ಅಳುತ್ತಾ ಕೂತೆ.

ಅಪ್ಪ ಬಂದ. "ಅಪ್ಪಾ, ಅವತ್ತಿನ ಮಾತು ಮರ್ತಬಿಡು. ಸಿಟ್ಟಿನಾಗ ಅಂದೆ" ಅಂದೆ.

"ಯಾವ ಮಾತು?" ಅಂದ. ಚೀಲದಿಂದ ಕೊತ್ತಂಬರಿ ತೆಗೆದಿಡುತ್ತಿದ್ದ. ಕೊತ್ತಂಬರಿಯೆಲ್ಲ ತೆಗೆದಾದ ಮೇಲೆ, ನನ್ನ ಕಡೆ ನೋಡದೆ, "ಹಚ್ಚಿದಾಂವ ನಾನ ಅಲ್ಲೇನು ತಂಗಿ. ಖರೇನ ಅದ ನೀ ಅಂದದ್ದು" ಅಂದ. ಅಲ್ಲ ಅಪ್ಪಾ, ಅಲ್ಲ ಅಂತ ಎಷ್ಟು ಸಲ ಹೇಳಿದೆನೋ. ಹೂಂ ಹೂಂ ಅಂದ. ನಂಬಲಿಲ್ಲ. ನಾನು ಸಿಟ್ಟಿನಲ್ಲಿ ಅಂದದ್ದನ್ನು ಮಾತ್ರ ನಂಬಿದ್ದ.

ಮತ್ತೆ ಕಂಬ ಹಿಡಿಯಲು ಎಂಟು ತಿಂಗಳಾಯಿತು. ಕೈ ಮೊದಲಿನಂತೆ ತಿರುಗುವುದಿಲ್ಲ, ಭಾರ ಬಿಟ್ಟರೆ ಪ್ಲೇಟಿನ ಜಾಗದಲ್ಲಿ ಚಳುಕು ಬರುತ್ತದೆ. ಎರಡೇ ಹೆಜ್ಜೆ ಹತ್ತಿ, ತೊಡೆಯಲ್ಲಿ ಹಿಡಿದು ಕೂತು, ಒಂದು ನಿಧಾನದ ಸುತ್ತು ತಿರುಗಿ ಇಳಿಯುವಷ್ಟು ಬಂದ ಮೇಲೆ ಅಪ್ಪನನ್ನು ಕೇಳಿದೆ. "ನಾಳೆ ಭಾನುವಾರ. ಹಾಲು ತಂದು ಲಗೂನ ಬಾ. ನೀ ನೋಡಬೇಕು." ಅಪ್ಪ ಕಂಬದ ಬುಡವನ್ನೊಮ್ಮೆ ಅಲುಗಾಡಿಸಿ ನೋಡಿ, "ಆತು" ಅಂದ.

ಭಾನುವಾರ ಅಪ್ಪ ಗಡ್ಡ ಮಾಡಿಕೊಂಡ. ಅದೇ ಬಿಳಿ ಶರ್ಟು ಹಾಕಿಕೊಂಡ. ಕಂಬವನ್ನು ತಾನೇ ಮೂರು ಸಲ ಒರೆಸಿದ. ದಪ್ಪ ಚಾಪೆ ಹಾಸಿ, ಅದರ ಮೇಲೆ ತನ್ನ ಹಾಸಿಗೆಯನ್ನೂ ತಂದು ಹಾಸಿದ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ನಾನು ಮೊಣಕಾಲವರೆಗಿನ ಹಳೆ ಚಡ್ಡಿ ಹಾಕಿಕೊಂಡು ಬಂದೆ, ಅಂಚನ್ನು ಹತ್ತುವಾಗ ಮಡಚಿಕೊಂಡರಾಯಿತು ಅಂತ. ಎದೆ ಹೊಡೆದುಕೊಳ್ಳುತ್ತಿತ್ತು, ಶಾಲೆಯ ಸ್ಟೇಜಿನ ಹಿಂದೆ ನಿಂತಾಗ ಹೊಡೆದುಕೊಳ್ಳುತ್ತಿದ್ದ ಹಾಗೆ. ಹಾಡು ಹಾಕಲಿಲ್ಲ. ಹತ್ತಿದೆ.

ಎರಡು ಹೆಜ್ಜೆ ಮೇಲೆ ಹೋಗಿ, ತೊಡೆ ಬಿಗಿದು ಕೂತೆ. ಎಡಗೈ ಬಿಟ್ಟು ಚಾಚಿದೆ. ಕಂಬ ನಿಧಾನಕ್ಕೆ ತಿರುಗಿತು. ಕಿಟಕಿ ಬಂತು, ಕುರ್ಚಿ ಬಂತು, ಅಪ್ಪ ಬಂದ.

ಅಪ್ಪ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಮುಖ ನನ್ನ ಕಡೆಗೇ ಎತ್ತಿತ್ತು. ಎರಡೂ ಕೈ ಕುರ್ಚಿಯ ಅಂಚನ್ನು ಹಿಡಿದಿದ್ದವು.

ಗೋಡೆ ಬಂತು, ದೇವರ ಫೋಟೋ ಬಂತು, ಮತ್ತೆ ಅಪ್ಪ ಬಂದ. ಕಣ್ಣು ಮುಚ್ಚಿಯೇ ಇತ್ತು. ತೆರೆಯಬಹುದು ಅಂತ ನಾನು ಇಳಿಯದೆ ಮೇಲೆಯೇ ಇದ್ದೆ. ತೊಡೆ ಉರಿಯುತ್ತಿತ್ತು, ಮಣಿಕಟ್ಟು ನೋಯುತ್ತಿತ್ತು. ಅಪ್ಪಾ ಅಂತ ಕರೆದರೆ ಬೆಚ್ಚಿಬೀಳುತ್ತಾನೆ ಅಂತ ಕರೆಯಲಿಲ್ಲ. ತಡೆಯಲಾರದಾದಾಗ ಇಳಿದೆ.

ಕಾಲು ಹಾಸಿಗೆಗೆ ತಾಕಿದ ಸದ್ದಿಗೆ, "ಇಳದಿಯೇನು?" ಅಂತ ಕೇಳಿದ.

"ಇಳದೆ ಅಪ್ಪಾ."

ಆಗ ಕಣ್ಣು ತೆರೆದ. ಮೊದಲು ನನ್ನ ಕೈ ನೋಡಿದ, ಆಮೇಲೆ ಮುಖ. "ಭಾಳ ಛಂದ ಮಾಡಿದಿ ತಂಗಿ" ಅಂದ.

"ನೋಡಿದಿಯೇನು?"

"ನೋಡಿದೆನಲ್ಲ! ಮತ್ತೇನ ಕುಂತಿದ್ದೆ ಇಲ್ಲೆ?"

ಎಲ್ಲದಕ್ಕೂ ಬರುವ ನನ್ನ ಸಿಟ್ಟು ಅವತ್ತು ಬರಲಿಲ್ಲ. ಬಂದು ಒಂದು ಮಾತು ಅಂದಿದ್ದರೆ ಒಳ್ಳೆಯದಿತ್ತೋ ಏನೋ. ನಾನು ಟವೆಲು ಸುತ್ತಿಕೊಂಡು ಚಹಾ ಇಡಲು ಹೋದೆ.

ಇನ್ನೊಂದು ಸಲ ನೋಡಿಸಬೇಕು, ಕೈ ಸರಿಹೋಗಲಿ, ಭಯ ಹೋಗಲಿ ಅಂದುಕೊಂಡಿದ್ದೆ. ಎರಡು ತಿಂಗಳೂ ಸಿಗಲಿಲ್ಲ. ಒಂದು ಬೆಳಿಗ್ಗೆ ಹಾಲಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಅಪ್ಪ ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದನಂತೆ. ಅಂಗಡಿಯವನು ಕೂಗುತ್ತಾ ಮೇಲೆ ಓಡಿಬಂದಾಗ ನಾನು ಕಂಬದ ಮೇಲಿದ್ದೆ. ಹಾಗೇ ಚಡ್ಡಿಯಲ್ಲೇ ಮೂರು ಮಹಡಿ ಇಳಿದು ಓಡಿದೆ. ಯಾರೋ ನನ್ನ ಮೇಲೆ ಶಾಲು ಹಾಕಿದರು. ಅಪ್ಪನ ಕೈ ಇನ್ನೂ ಬೆಚ್ಚಗಿತ್ತು, ಆದರೆ ಹಿಡಿತವಿರಲಿಲ್ಲ.

ಮೂರನೇ ದಿನ ಕಾಕು ಪಿಠ್ಲ, ಅಂದರೆ ಕಡಲೆಹಿಟ್ಟಿನ ಪಲ್ಯ, ಭಕ್ಕರಿ ಮಾಡಿ ತಂದಳು. ಹೋದವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅವಳೇ ಎಲ್ಲ ನೋಡಿಕೊಳ್ಳುತ್ತಿದ್ದಳು. ನನ್ನ ತಟ್ಟೆಗೆ ಬಡಿಸಿ, ಎದುರಿಗೆ ಕೂತು ಕಣ್ಣೊರೆಸಿಕೊಂಡು ಹೇಳಿದಳು: "ಆದರೂ ನಿನ್ನದೊಂದು ಪುಣ್ಯ. ಕಣ್ತುಂಬ ನೋಡಿಕೊಂಡು ಹೋದರು ನಿನ್ನನ್ನ. ಕೆಳಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಎಷ್ಟು ಸಲ ಹೇಳಿದ್ದಾರೋ. ಸರಸರ ಚಾವಣಿವರೆಗೂ ಹತ್ತಿಹೋದಳಂತೆ, ಬುಗುರಿ ಹಾಗೆ ತಿರುಗಿದಳಂತೆ, ತಿರುಗುತ್ತಾ ತಿರುಗುತ್ತಾ ನನ್ನನ್ನೇ ನೋಡಿ ನಗುತ್ತಿದ್ದಳು ಅಂತ. ಹೌದಾ, ಅಷ್ಟು ಚೆನ್ನಾಗಿ ಮಾಡಿದೆಯಾ?"

ನಾನು ಎರಡು ಹೆಜ್ಜೆ ಹತ್ತಿದ್ದೆ. ನಿಧಾನಕ್ಕೆ ಒಂದೆರಡು ಸುತ್ತು ತಿರುಗಿದ್ದೆ, ಅಷ್ಟೇ. ನಕ್ಕಿರಲೇ ಇಲ್ಲ.

"ಹೌದು ಕಾಕು" ಅಂದೆ. "ಹಾಗೇ ಮಾಡಿದೆ."